ಕೆರೆಯ ವರಟೆಗೆ ಕಾನೂನಿನ ಕಾವಲು, ಬುಟ್ಟಿಯ ತಾಟೆಗೆ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮ ಊರು ಗಂಗೊಳ್ಳಿ ಹತ್ತಿರ. ಈಗ ಬೆಂಗಳೂರಿನಲ್ಲಿದ್ದೇವೆ. ಮನೆ ಪಕ್ಕದ ಕೆರೆಯಲ್ಲಿ ಕೊಕ್ಕಿನ ಬುಡಕ್ಕೆ ಕೆಂಪು ಚುಕ್ಕೆ ಇರುವ ಕಾಡು ಬಾತುಕೋಳಿಗಳಿವೆ. ಅವುಗಳ ಗೂಡು ಮುಟ್ಟಿದರೂ ಕೇಸ್ ಆಗುತ್ತದಂತೆ. ಊರಿಗೆ ಹೋದರೆ ಮಾತ್ರ ಮರಿ ತಾಟೆಯನ್ನು, ಅಂದರೆ ಶಾರ್ಕ್ ಮೀನನ್ನು, ಬುಟ್ಟಿಗಟ್ಟಲೆ ಮಾರುತ್ತಾರೆ, ಯಾರೂ ಕೇಳುವುದಿಲ್ಲ. ಏಳನೇ ಕ್ಲಾಸಿನ ಮಗಳು 'ಶಾರ್ಕ್ ಅಳಿದು ಹೋಗ್ತಿದೆ, ನೀವು ತಿನ್ನೋದು ತಪ್ಪು' ಅಂತ ಊಟದ ಹೊತ್ತಿಗೆ ಜಗಳ ತೆಗೆಯುತ್ತಾಳೆ. ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಬಾತುಕೋಳಿ ಇಡುವುದು ಹತ್ತೋ ಹನ್ನೆರಡೋ. ಹಾಗಿದ್ದರೆ ಮೊದಲು ಅಳಿಯಬೇಕಾದದ್ದು ಬಾತುಕೋಳಿ ಅಲ್ವಾ? ಇನ್ನೊಂದು ವಿಷಯ. ತಂಗಿಗೆ ಹೆರಿಗೆಯಾಗಿ ಒಂದು ತಿಂಗಳು. ಬಾಣಂತಿ ತಾಟೆ ತಿಂದರೆ ಹಾಲು ಜಾಸ್ತಿ ಆಗುತ್ತದೆ ಅಂತ ಅಮ್ಮ ಹಠ ಹಿಡಿದಿದ್ದಾರೆ. ಕೊಡಬಹುದಾ? ನಾವು ತಾಟೆ ತಿನ್ನುವುದನ್ನು ಬಿಡಬೇಕಾ?

ಉತ್ತರ: ನಿಮ್ಮ ಮನೆಯ ಜಗಳದಲ್ಲಿ ಮಗಳು ಅರ್ಧ ಸರಿ, ನೀವೂ ಅರ್ಧ ಸರಿ. ಅಮ್ಮನ ಮಾತು ಮಾತ್ರ ಬೇರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀವು ಹೇಳಿದ ಎರಡು ಜೀವಿಗಳು ಯಾವುವು ಅಂತ ಗೊತ್ತುಮಾಡಿಕೊಳ್ಳೋಣ. ಕೆರೆಯಲ್ಲಿರುವುದು ವರಟೆ. ಚುಕ್ಕೆ ಕೊಕ್ಕಿನ ಬಾತು ಅಂತಲೂ ಹೇಳುತ್ತಾರೆ. ಕಪ್ಪು ಕೊಕ್ಕು, ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ. ಇದು ಚಳಿಗಾಲಕ್ಕೆ ಬಂದು ಹೋಗುವ ವಲಸೆ ಹಕ್ಕಿ ಅಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ. ಊರಿನ ಬುಟ್ಟಿಯಲ್ಲಿ ನೀವು ಕಂಡದ್ದರಲ್ಲಿ ಹೆಚ್ಚಿನದು ಚಪ್ಪಟೆ ಮೂತಿಯ ಸಣ್ಣ ತಾಟೆ. ವಿಜ್ಞಾನದ ಹೆಸರು ಸ್ಕೋಲಿಯೊಡಾನ್ ಲ್ಯಾಟಿಕಾಡಸ್. ಕೊಂಕಣಿಯವರು ಮೋರಿ ಅನ್ನುತ್ತಾರೆ. ಗುಜರಾತಿನಿಂದ ಕೇರಳದವರೆಗೆ ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲಿ ಸಿಗುತ್ತದೆ. 'ಹೆಚ್ಚಿನದು' ಅಂತ ಬೇಕೆಂದೇ ಹೇಳಿದೆ. ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇರುವುದು ಉಳಿದ ಸ್ವಲ್ಪದರಲ್ಲಿ.

ಈಗ ಸಾವಿರಗಟ್ಟಲೆ ಮೊಟ್ಟೆಯ ವಿಚಾರ. ಬಂಗುಡೆ, ಬೂತಾಯಿಗಳ ವಿಷಯದಲ್ಲಿ ನಿಮ್ಮ ಮಾತು ನಿಜ. ಅವು ನೀರಿಗೆ ರಾಶಿ ರಾಶಿ ಮೊಟ್ಟೆ ಬಿಡುತ್ತವೆ. ತಾಟೆ ಹಾಗಲ್ಲ, ಅದು ಮರಿ ಹಾಕುತ್ತದೆ. ಒಂದು ಬಸಿರಿಗೆ ಸಾಮಾನ್ಯವಾಗಿ ಆರರಿಂದ ಹದಿನೆಂಟು ಮರಿ. ಅಂದರೆ ನಿಮ್ಮ ಕೆರೆಯ ವರಟೆಯ ಲೆಕ್ಕವೇ. ವರಟೆ ಒಂದು ಗೂಡಿಗೆ ಎಂಟರಿಂದ ಹದಿನಾಲ್ಕು ಮೊಟ್ಟೆ ಇಡುತ್ತದೆ.

ಉಳಿದ ಲೆಕ್ಕವೂ ಹತ್ತಿರ ಹತ್ತಿರವೇ ಇದೆ. ವರಟೆಯ ಉದ್ದ ಸುಮಾರು 60 ಸೆಂಟಿಮೀಟರ್. ಈ ತಾಟೆ ಎಷ್ಟೇ ಬೆಳೆದರೂ ಮುಕ್ಕಾಲು ಮೀಟರ್ ದಾಟುವುದಿಲ್ಲ, ನಾವು ನೋಡುವುದರಲ್ಲಿ ಬಹುಪಾಲು 60 ಸೆಂಟಿಮೀಟರ್ ಒಳಗೇ. ವರಟೆ ಒಂದು ವರ್ಷಕ್ಕೆ ಮೊಟ್ಟೆ ಇಡಲು ತಯಾರು. ಈ ತಾಟೆ ಒಂದೆರಡು ವರ್ಷಕ್ಕೆ ಬಸಿರಾಗಲು ತಯಾರು. ಶಾರ್ಕ್ ಜಾತಿಯಲ್ಲಿ ಇಷ್ಟು ಬೇಗ ಪ್ರಾಯಕ್ಕೆ ಬರುವುದು ಅಪರೂಪ. ಹಾಗಾಗಿಯೇ ಇಷ್ಟು ವರ್ಷ ಇಷ್ಟೊಂದು ಹಿಡಿದರೂ ಇದು ಇನ್ನೂ ಬುಟ್ಟಿಯಲ್ಲಿ ಕಾಣುತ್ತಿದೆ.

ಹಾಗಾದರೆ ಎರಡೂ ಒಂದೇ ಅಂತೀರಾ? ಇಲ್ಲ. ಮರಿಗಳು ಎಷ್ಟು ಅನ್ನುವುದಕ್ಕಿಂತ ಅವು ಎಲ್ಲಿ ಬೆಳೆಯುತ್ತವೆ ಅನ್ನುವುದು ಮುಖ್ಯ.

ವರಟೆ ತನ್ನ ಮರಿಗೆ ಬೇಕಾದ ಬುತ್ತಿಯನ್ನೆಲ್ಲ ಮೊಟ್ಟೆಯೊಳಗೇ ಕಟ್ಟಿಡುತ್ತದೆ. ಹತ್ತು ಮೊಟ್ಟೆ ಒಟ್ಟಿಗೆ ತೂಗಿದರೆ ತಾಯಿಯ ತೂಕದ ಅರ್ಧದ ಹತ್ತಿರ ಬರುತ್ತದೆ. ಆಮೇಲೆ ಸುಮಾರು 24 ದಿನ ಕಾವು. ಈ ನಡುವೆ ನಾಯಿಯೋ ಮುಂಗುಸಿಯೋ ಗೂಡಿಗೆ ಬಾಯಿ ಹಾಕಿತು ಅನ್ನಿ. ಮೊಟ್ಟೆ ಹೋಯಿತು, ತಾಯಿ ಹಾರಿ ತಪ್ಪಿಸಿಕೊಂಡಳು. ನೀರು, ಹುಲ್ಲು ಚೆನ್ನಾಗಿದ್ದರೆ ಅದೇ ಹಂಗಾಮಿನಲ್ಲಿ ಇನ್ನೊಂದು ಗೂಡು ಕಟ್ಟಿ ಮತ್ತೆ ಮೊಟ್ಟೆ ಇಡಬಹುದು.

ತಾಟೆಯ ಮೊಟ್ಟೆ ಬರೀ ಒಂದು ಮಿಲಿಮೀಟರಿನಷ್ಟು. ಶಾರ್ಕ್‌ಗಳಲ್ಲೇ ಅತಿ ಸಣ್ಣ ಮೊಟ್ಟೆಗಳ ಪೈಕಿ ಇದೂ ಒಂದು. ಅದರಲ್ಲಿ ಬುತ್ತಿ ಇಲ್ಲವೇ ಇಲ್ಲ ಅನ್ನಬೇಕು. ಮರಿ ತಾಯಿಯ ಗರ್ಭಕ್ಕೆ ಅಂಟಿಕೊಂಡು, ಹೊಕ್ಕುಳಬಳ್ಳಿಯಿಂದ ಆಹಾರ ಪಡೆದು, ಐದಾರು ತಿಂಗಳು ಒಳಗೇ ಬೆಳೆಯುತ್ತದೆ. ಹೌದು, ಮನುಷ್ಯರ ಮಗುವಿನ ಹಾಗೆ ಮಾಸು ಕೂಡ ಇರುತ್ತದೆ. ಬಂದರಿನಲ್ಲಿ ಮೀನು ಕತ್ತರಿಸುವ ಹೆಂಗಸರನ್ನು ಕೇಳಿ, ಅವರಿಗೆ ಇದನ್ನು ಯಾರೂ ಪುಸ್ತಕದಲ್ಲಿ ಓದಿಸಬೇಕಿಲ್ಲ. ಬಸಿರಿ ತಾಟೆಯ ಹೊಟ್ಟೆ ಸೀಳಿದರೆ ಎರಡೂ ಕಡೆ ಸಾಲಾಗಿ ಮಲಗಿದ ಮರಿಗಳು, ಒಂದೊಂದಕ್ಕೂ ತೆಳ್ಳನೆ ಬಳ್ಳಿ. ಬಳ್ಳಿಯ ಮೈಮೇಲೆ ಸಣ್ಣ ಸಣ್ಣ ಎಳೆಗಳು ಜೋತಿರುತ್ತವೆ. ಹುಟ್ಟುವಾಗ ಮರಿ ಒಂದು ಗೇಣಿಗಿಂತ ಚಿಕ್ಕದು, 12ರಿಂದ 15 ಸೆಂಟಿಮೀಟರ್. ಹುಟ್ಟಿದ ಕೂಡಲೇ ತಾಯಿಯ ಹಂಗಿಲ್ಲದೆ ಈಜಿ ಹೋಗುತ್ತದೆ.

ವ್ಯತ್ಯಾಸ ಇಲ್ಲಿದೆ. ವರಟೆಯಲ್ಲಿ ಗೂಡು ಹಾಳಾದರೆ ತಾಯಿ ಉಳಿಯುತ್ತಾಳೆ. ತಾಟೆಯಲ್ಲಿ ಬಲೆಗೆ ಬೀಳುವುದು ತಾಯಿ. ಅವಳು ಹೋದರೆ ಹೊಟ್ಟೆಯಲ್ಲಿರುವ ಹತ್ತೋ ಹದಿನೈದೋ ಅಷ್ಟೂ ಹೋದವು. ಈ ಸಣ್ಣ ತಾಟೆ ಬೇಗ ಪ್ರಾಯಕ್ಕೆ ಬರುವುದರಿಂದ ಹೇಗೋ ತೂಗಿಸಿಕೊಂಡು ಹೋಗುತ್ತಿದೆ. ದೊಡ್ಡ ಶಾರ್ಕ್‌ಗಳಿಗೆ ಆ ಅನುಕೂಲ ಇಲ್ಲ. ಕಪ್ಪು ತುದಿ ಶಾರ್ಕನ್ನೇ ತೆಗೆದುಕೊಳ್ಳಿ. ಹೆಣ್ಣು ಪ್ರಾಯಕ್ಕೆ ಬರಲು ಆರೇಳು ವರ್ಷ ಬೇಕು. ಹತ್ತರಿಂದ ಹನ್ನೆರಡು ತಿಂಗಳ ಬಸಿರು. ಹುಟ್ಟುವುದು ಸಾಮಾನ್ಯವಾಗಿ ನಾಲ್ಕರಿಂದ ಏಳು ಮರಿ. ಹೆತ್ತ ಮೇಲೆ ಒಂದು ವರ್ಷ ಬಿಡುವು. ಸುತ್ತಿಗೆ ತಲೆಯ ಶಾರ್ಕ್ ಮರಿ ಜಾಸ್ತಿ ಹಾಕುತ್ತದೆ, ಆದರೆ ಹೆಣ್ಣು ಎರಡು ಮೀಟರ್ ದಾಟಿದ ಮೇಲೆಯೇ ಬಸಿರಾಗುವುದು. ಅಷ್ಟು ದೊಡ್ಡದಾಗುವವರೆಗೆ ನಮ್ಮ ಕರಾವಳಿಯ ಬಲೆಗಳಿಂದ ತಪ್ಪಿಸಿಕೊಳ್ಳಬೇಕಲ್ಲ!

ಈಗ ಕಾನೂನು. ವರಟೆ ಅಪಾಯದಲ್ಲಿದೆ, ಅದಕ್ಕೇ ಕಾವಲು ಇದೆ ಅಂತ ನೀವು ಅಂದುಕೊಂಡಿದ್ದೀರಿ. ತುಂಬಾ ಜನ ಹಾಗೇ ತಿಳಿದಿದ್ದಾರೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ವರಟೆ ಅಷ್ಟೇನೂ ಆತಂಕ ಇಲ್ಲದ ಗುಂಪಿನಲ್ಲಿದೆ. ನೀವು ತಿನ್ನುವ ಸಣ್ಣ ತಾಟೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಪಾಯದ ಅಂಚಿಗೆ ಹತ್ತಿರ ಬಂದ ಗುಂಪಿನಲ್ಲಿದೆ. ಸುತ್ತಿಗೆ ತಲೆಯ ಶಾರ್ಕ್‌ಗಳಲ್ಲಿ ನಮ್ಮಲ್ಲಿ ಸಿಗುವ ಮುಖ್ಯ ಜಾತಿ ತೀರಾ ಕೊನೆಯ ಮೆಟ್ಟಿಲಲ್ಲಿ, ಅಳಿವಿನ ಬಾಗಿಲಲ್ಲೇ ಇದೆ. ಅಂದರೆ ಕಾವಲಿನ ಕ್ರಮ ಒಂದು, ಅಪಾಯದ ಕ್ರಮ ಇನ್ನೊಂದು.

ಯಾಕೆ ಹೀಗಾಯಿತು ಅಂದರೆ ಕಾರಣ ಸರಳ. 1972ರ ವನ್ಯಜೀವಿ ಕಾಯ್ದೆ ಬಂದಾಗ ಬಾತುಕೋಳಿ ಬೇಟೆ ಬಹುತೇಕ ಕೋವಿ ಇದ್ದವರ ಶೋಕಿಯಾಗಿತ್ತು. ನಿಲ್ಲಿಸಿದರೆ ಬೀದಿಗಿಳಿಯುವವರು ಕಡಿಮೆ. ಆ ಕಾಯ್ದೆಯಲ್ಲಿ ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆದಕುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ನೀವು ಕೇಳಿದ್ದು ಸರಿಯೇ. ಶಾರ್ಕ್ ವಿಷಯ ಹಾಗಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ ಎಲ್ಲ ಶಾರ್ಕ್, ಶಾರ್ಕಿನ ನೆಂಟರಾದ ಚಪ್ಪಟೆ ಮೈಯ ಎಲ್ಲ ತೊರಕೆ ಮೀನುಗಳನ್ನು ಹುಲಿಯ ಸಾಲಿಗೆ, ಅಂದರೆ ಮೊದಲ ಅನುಸೂಚಿಗೆ ಸೇರಿಸಿತು. ಕರಾವಳಿಯ ಮೀನುಗಾರರಿಂದ ದೊಡ್ಡ ವಿರೋಧ ಬಂತು. ಬಲೆಗೆ ಯಾವುದು ಬೀಳಬೇಕು ಅಂತ ಅವರು ಮೊದಲೇ ಹೇಳಲು ಸಾಧ್ಯವೇ? ಅದೇ ವರ್ಷದ ಕೊನೆಗೆ ಪಟ್ಟಿ 10 ಜಾತಿಗೆ ಇಳಿಯಿತು. ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಗರಗಸ ಮೀನುಗಳು ಅದರಲ್ಲಿ ಉಳಿದವು. ಆಮೇಲೆ 2013ರಲ್ಲಿ ರೆಕ್ಕೆ ಮಾತ್ರ ಕತ್ತರಿಸಿ ದೇಹ ಸಮುದ್ರಕ್ಕೆ ಎಸೆಯುವುದಕ್ಕೆ ನಿಷೇಧ ಬಂತು. 2015ರಲ್ಲಿ ರೆಕ್ಕೆ ರಫ್ತಿಗೆ ತಡೆ ಬಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದು, ಪಟ್ಟಿ ಮತ್ತೆ ಉದ್ದವಾಗಿದೆ. ನಿಮ್ಮ ಸಣ್ಣ ತಾಟೆಯನ್ನು ಊರಿನ ಮಾರುಕಟ್ಟೆಯಲ್ಲಿ ಕೊಂಡು ತಿಂದರೆ ಅಪರಾಧ ಅಲ್ಲ. ಇನ್ನೊಂದು ಸಂಗತಿ. ಕಾಡುಹಕ್ಕಿ ಅರಣ್ಯ ಇಲಾಖೆಯ ಕೆಲಸ, ಮೀನುಗಾರಿಕೆ ಮೀನುಗಾರಿಕೆ ಇಲಾಖೆಯ ಕೆಲಸ. ಶಾರ್ಕ್ ಮೀನೂ ಹೌದು, ವನ್ಯಜೀವಿಯೂ ಹೌದು. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗೆ.

ಈಗ ಆ ಗಂಟಿಗೆ ಬರೋಣ. ಬುಟ್ಟಿಯಲ್ಲಿ ಎರಡು ಥರದ 'ಮರಿ ತಾಟೆ' ಇರುತ್ತದೆ. ಒಂದು, 40-50 ಸೆಂಟಿಮೀಟರಿನ ಸಣ್ಣ ಜಾತಿಯ ತಾಟೆ. ಇದು ಮರಿ ಅಲ್ಲವೇ ಅಲ್ಲ, ಬೆಳೆದು ಒಂದೆರಡು ಸಲ ಹೆತ್ತಿರಬಹುದಾದ ಮೀನು. ಇನ್ನೊಂದು, ಅದೇ ಉದ್ದದ, ಆದರೆ ಮೊನ್ನೆ ಮೊನ್ನೆ ಹುಟ್ಟಿದ ದೊಡ್ಡ ಜಾತಿಯ ಮರಿ. ಕಪ್ಪು ತುದಿ ಶಾರ್ಕ್, ಸುತ್ತಿಗೆ ತಲೆಯ ಶಾರ್ಕ್ ಹುಟ್ಟುವಾಗಲೇ ಹೆಚ್ಚುಕಡಿಮೆ ಅರ್ಧ ಮೀಟರ್ ಇರುತ್ತವೆ. ದರ ಒಂದೇ, ರುಚಿಯೂ ಹೆಚ್ಚು ಕಡಿಮೆ ಒಂದೇ. ಮಾರುವ ಅಕ್ಕನಿಗೂ ಇವನ್ನು ಬೇರೆ ಮಾಡಿ ಆಗಬೇಕಾದ್ದು ಏನೂ ಇಲ್ಲ. ಮೊದಲನೆಯದನ್ನು ತಿಂದರೆ ಸಮುದ್ರಕ್ಕೆ ಆಗುವ ನಷ್ಟ ಚಿಕ್ಕದು. ಎರಡನೆಯದರಲ್ಲಿ ಏಳು ವರ್ಷ ಬದುಕಿ ಹೆರಬೇಕಾದ ಜೀವ ಏಳು ವಾರಕ್ಕೇ ಮುಗಿಯುತ್ತದೆ. ನಿಮ್ಮ ಮಗಳ ಸಿಟ್ಟು ಈ ಎರಡನೆಯದಕ್ಕೆ ಪೂರ್ತಿ ಸಲ್ಲುತ್ತದೆ.

ಗುರುತು ಹಿಡಿಯುವುದು ಕಷ್ಟವಿಲ್ಲ. ಮೀನನ್ನು ಅಂಗಾತ ತಿರುಗಿಸಿ. ಎದೆಯ ಎರಡು ರೆಕ್ಕೆಗಳ ನಡುವೆ, ಹೊಟ್ಟೆಯ ಮಧ್ಯದ ಗೆರೆಯ ಮೇಲೆ ನೋಡಿ. ಆಗ ತಾನೇ ಹುಟ್ಟಿದ ಮರಿಯಲ್ಲಿ ಅಲ್ಲೊಂದು ಸೀಳು ಇರುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ಕೆಲವು ವಾರ ಕಳೆದಿದ್ದರೆ ಸೀಳು ಮುಚ್ಚಿ, ಬಿಳಿ ಹೊಟ್ಟೆಯ ಮೇಲೆ ಸಣ್ಣ ಗೆರೆ ಉಳಿದಿರುತ್ತದೆ. ಅದು ಹೊಕ್ಕುಳು. ಅರ್ಧ ಮೀಟರ್ ಉದ್ದ ಇದ್ದು ಹೊಕ್ಕುಳು ಹಸಿಯಾಗಿದ್ದರೆ ಅದು ದೊಡ್ಡ ಜಾತಿಯ ಕೂಸು, ಬೇರೆ ಮಾತಿಲ್ಲ. ಇನ್ನು ಬೆನ್ನು ನೋಡಿ. ಸಣ್ಣ ತಾಟೆಯ ಎರಡನೇ ಬೆನ್ನುರೆಕ್ಕೆ ಬಹಳ ಪುಟ್ಟದು, ಬಾಲದ ಕಡೆ ತುಂಬಾ ಹಿಂದಕ್ಕೆ, ಕೆಳಗಿನ ಗುದರೆಕ್ಕೆ ಮುಗಿಯುವ ಜಾಗದ ಮೇಲೆ ಇರುತ್ತದೆ. ಎದೆರೆಕ್ಕೆ ಗಿಡ್ಡ, ಅಗಲ. ಮೂತಿ ಉದ್ದ, ಚಪ್ಪಟೆ, ಅಂಚು ತೆಳ್ಳಗೆ. ರೆಕ್ಕೆಯ ತುದಿ ಕಪ್ಪಾಗಿದ್ದರೆ ಬಿಟ್ಟುಬಿಡಿ. ತಲೆ ಎರಡೂ ಕಡೆ ಚಾಚಿಕೊಂಡಿದ್ದರೆ ಕೇಳುವುದೇ ಬೇಡ. ತಲೆ, ರೆಕ್ಕೆ ಕತ್ತರಿಸಿ, ಚರ್ಮ ಸುಲಿದು ಮಾರುತ್ತಿದ್ದರೆ ಯಾವ ಗುರುತೂ ಉಳಿಯುವುದಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಬರುವುದು ಬಹುಪಾಲು ಹಾಗೇ. ಅಲ್ಲಿ ಕೊಳ್ಳಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಇನ್ನು ಬಾಣಂತಿಯ ವಿಷಯ. ಈ ನಂಬಿಕೆ ನಿಮ್ಮ ಅಮ್ಮನದೊಬ್ಬರದೇ ಅಲ್ಲ. ಗೋವಾದಿಂದ ತಮಿಳುನಾಡಿನವರೆಗೆ ಕರಾವಳಿಯಲ್ಲಿ ಇದೆ. ನಾನು ಮೀನಿನ ಕೆಲಸದವನು, ಹೆರಿಗೆ ಡಾಕ್ಟರ್ ಅಲ್ಲ. ಹಾಗಾಗಿ ಮೀನಿನ ಪಾಲಿನದನ್ನಷ್ಟೇ ಹೇಳುತ್ತೇನೆ. ಹಾಲು ಜಾಸ್ತಿ ಆಗುವುದು ಮುಖ್ಯವಾಗಿ ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಚೀಪುತ್ತದೆ ಅನ್ನುವುದರಿಂದ. ತಾಯಿಗೆ ಹೊಟ್ಟೆ ತುಂಬ ಊಟ, ನೀರು, ನಿದ್ದೆ ಬೇಕು. ತಾಟೆಯಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಮುಳ್ಳಿಲ್ಲ, ಸುಲಭವಾಗಿ ತಿನ್ನಬಹುದು. ಹಿಂದೆ ಬಾಣಂತಿಗೆ ವಾರಗಟ್ಟಲೆ ಪಥ್ಯವೇ ಇದ್ದಾಗ ಇಷ್ಟು ಪುಷ್ಟಿ ಸಿಕ್ಕರೆ ಮೈಗೆ ಹಿಡಿಸಿರಲಿಕ್ಕೂ ಸಾಕು. ಅದೇ ಪುಷ್ಟಿ ಬೂತಾಯಿಯಲ್ಲೂ ಸಿಗುತ್ತದೆ, ಒಳ್ಳೆಯ ಕೊಬ್ಬೂ ಅದರಲ್ಲೇ ಜಾಸ್ತಿ.

ತೊಂದರೆ ಇರುವುದು ಪಾದರಸದಲ್ಲಿ. ಸಮುದ್ರದ ನೀರಿನಲ್ಲಿರುವ ಪಾದರಸ ಸಣ್ಣ ಮೀನಿನ ಮೈ ಸೇರುತ್ತದೆ. ಅದನ್ನು ತಿನ್ನುವ ದೊಡ್ಡ ಮೀನಿಗೆ ಬರುತ್ತದೆ. ತಿಂದಷ್ಟೂ ವರ್ಷ ವರ್ಷ ಮೈಯಲ್ಲೇ ಸೇರುತ್ತಾ ಹೋಗುತ್ತದೆ. ಬೇಯಿಸಿದರೆ, ತೊಳೆದರೆ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಬಸಿರಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು ತಿನ್ನಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಇಟ್ಟಿರುವುದು ಇದಕ್ಕೇ. ಕೆಲವೇ ವರ್ಷ ಬದುಕುವ ಸಣ್ಣ ತಾಟೆಯಲ್ಲಿ ದೊಡ್ಡ ಶಾರ್ಕಿನಷ್ಟು ಸೇರಿರುವುದಿಲ್ಲ, ನಿಜ. ಆದರೂ ಒಂದು ತಿಂಗಳ ಕೂಸಿನ ವಿಷಯದಲ್ಲಿ ಅಷ್ಟು ಸಣ್ಣ ಲೆಕ್ಕ ಹಾಕುತ್ತಾ ಕೂರುವುದು ಯಾಕೆ? ತಂಗಿಗೆ ಬೂತಾಯಿ ಕೊಡಿ, ನಿಮ್ಮ ಕಡೆ ಬೈಗೆ ಅಂತೀರಲ್ವಾ, ಅದೇ. ಬಂಗುಡೆಯೂ ಆಗುತ್ತದೆ. ದೊಡ್ಡ ಅಂಜಲ್ ಕೂಡ ಬೇಟೆ ಮೀನೇ, ದಿನಾ ಬೇಡ. ಅಮ್ಮ ಒಪ್ಪದಿದ್ದರೆ ತಂಗಿಯ ಡಾಕ್ಟರ್ ಬಾಯಲ್ಲಿ ಹೇಳಿಸಿ. ನಮ್ಮ ಮಾತಿಗಿಂತ ಅವರ ಮಾತು ನಡೆಯುತ್ತದೆ.

ತಾಟೆ ಅಮೋನಿಯ ವಾಸನೆ ಬರುತ್ತದೆ, ಅದು ಕೆಟ್ಟಿದೆ ಅಂತ ಕೆಲವರು, ಅದು ಔಷಧದ ಗುಣ ಅಂತ ಕೆಲವರು. ಎರಡೂ ಪೂರ್ತಿ ಸರಿ ಅಲ್ಲ. ಸಮುದ್ರದ ಉಪ್ಪಿನ ನಡುವೆ ಮೈಯ ನೀರು ಹೊರಗೆ ಹೋಗದ ಹಾಗೆ ಶಾರ್ಕ್ ತನ್ನ ರಕ್ತ, ಮಾಂಸದಲ್ಲಿ ಯೂರಿಯಾ ಉಳಿಸಿಕೊಳ್ಳುತ್ತದೆ. ಸತ್ತ ಮೇಲೆ ಅದು ಒಡೆದು ಅಮೋನಿಯ ಆಗುತ್ತದೆ. ಹಾಗಾಗಿ ಮೂಗಿಗೆ ಹೊಡೆಯುವಷ್ಟು ವಾಸನೆ ಇದ್ದರೆ ಹಿಡಿದು ಬಹಳ ಹೊತ್ತಾಗಿದೆ ಅಂತಲೇ. ಬಿಸಿನೀರು ಹಾಕಿ ಮರಳಿನಂಥ ಚರ್ಮ ಉಜ್ಜಿ ತೆಗೆದು, ಅರಿಶಿನ ಹುಳಿ ಹಚ್ಚಿದರೆ ವಾಸನೆ ತಗ್ಗುತ್ತದೆ, ಮೀನೇನೂ ತಾಜಾ ಆಗುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ಪೂರ್ತಿ ಬಿಟ್ಟುಬಿಡುವುದು ಒಂದು ದಾರಿ. ಮಗಳ ಜೊತೆ ಜಗಳವೂ ಮುಗಿಯುತ್ತದೆ. ಆದರೆ ನೀವು ಬಿಟ್ಟ ಮಾತ್ರಕ್ಕೆ ತಾಟೆ ಬಲೆಗೆ ಬೀಳುವುದು ನಿಲ್ಲುತ್ತದೆ ಅಂತ ಅವಳಿಗೆ ಭರವಸೆ ಕೊಡಬೇಡಿ. ಶಾರ್ಕ್‌ಗೇ ಅಂತ ಹೋಗುವ ದೋಣಿಗಳು ನಮ್ಮಲ್ಲಿ ಕಡಿಮೆ. ಸಿಗಡಿಗೆ, ಬೇರೆ ಮೀನಿಗೆ ಎಳೆದ ಟ್ರಾಲ್ ಬಲೆಯಲ್ಲಿ ಇವೂ ಬಂದು ಬೀಳುತ್ತವೆ. ಬಲೆ ಮೇಲೆ ಬರುವ ಹೊತ್ತಿಗೆ ಬಹಳಷ್ಟು ಸತ್ತಿರುತ್ತವೆ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ರಜೆ ಸ್ವಲ್ಪ ಉಸಿರು ಕೊಡುತ್ತದೆ. ಸಣ್ಣ ತಾಟೆ ವರ್ಷವಿಡೀ ಬಸಿರಾಗಿರುವುದರಿಂದ ಅದೊಂದೇ ಸಾಲದು.

ಇನ್ನೊಂದು ದಾರಿ, ಊರಿಗೆ ಹೋದಾಗ ಇಡೀ ಮೀನು ನೋಡಿ, ಹೊಕ್ಕುಳು ನೋಡಿ, ಸಣ್ಣ ಜಾತಿಯದ್ದನ್ನು ಮಾತ್ರ ಅಪರೂಪಕ್ಕೆ ಕೊಳ್ಳುವುದು. ನನ್ನ ಒಲವು ಇದರ ಕಡೆಗೇ. ಕೊಳ್ಳುವವರು 'ಇದು ಬೇಡ, ಇದು ಕೊಡಿ' ಅಂತ ಶುರು ಮಾಡಿದರೆ ಮಾರುವವರೂ ಬೇರೆ ಮಾಡಿ ಇಡುತ್ತಾರೆ. ಇದರಲ್ಲೂ ಅಪಾಯ ಇದೆ. ಗುರುತು ತಪ್ಪಬಹುದು. ಮರಿ ಹುಟ್ಟಿ ಕೆಲವು ತಿಂಗಳಾಗಿದ್ದರೆ ಗೆರೆಯೂ ಅಳಿಸಿರುತ್ತದೆ. ಅನುಮಾನ ಬಂದರೆ ಆ ದಿನ ಬಂಗುಡೆ ತನ್ನಿ. ಹೊಟ್ಟೆ ಉಬ್ಬಿದ ತಾಟೆಯನ್ನು ಕೊಳ್ಳದಿದ್ದರೆ ಒಳ್ಳೆಯದೇ, ಆದರೆ ಅದು ಆಗಲೇ ಸತ್ತಿದೆ ಅನ್ನುವುದು ನೆನಪಿರಲಿ.

ಕಾನೂನು ಬಿಗಿ ಮಾಡಲಿ ಅನ್ನುವುದು ಮೂರನೆಯದು. ನಾನು ವಿರೋಧಿ ಅಲ್ಲ. 2001ರಲ್ಲಿ ಏನಾಯಿತು ಅಂತ ನೋಡಿದ್ದೇವೆ. ಮೀನುಗಾರರನ್ನು ಬಿಟ್ಟು ಮಾಡಿದ ಪಟ್ಟಿ ನಿಲ್ಲುವುದಿಲ್ಲ. ಗುಜರಾತಿನಲ್ಲಿ 2004ರಿಂದ ನಡೆದ ತಿಮಿಂಗಿಲ ಶಾರ್ಕ್ ಅಭಿಯಾನದಲ್ಲಿ ಮೀನುಗಾರರೇ ಬಲೆ ಕತ್ತರಿಸಿ ಅವನ್ನು ಬಿಡುತ್ತಾ ಬಂದಿದ್ದಾರೆ. ಹಾಳಾದ ಬಲೆಗೆ ಪರಿಹಾರ ಸಿಗುತ್ತದೆ. ಅದು ನಡೆಯುತ್ತಿರುವುದು ಆ ಪರಿಹಾರದಿಂದಲೂ ಹೌದು, ಊರವರಿಗೆ ಅದು ತಮ್ಮ ಮೀನು ಅನ್ನಿಸಿದ್ದರಿಂದಲೂ ಹೌದು. ಸುತ್ತಿಗೆ ತಲೆಯ ಮರಿಗೆ ಅಂಥದ್ದನ್ನು ಮಾಡುವುದು ಕಷ್ಟ. ಅದು ಚಿಕ್ಕದು, ಬೇಗ ಸಾಯುತ್ತದೆ.

ವರಟೆಯನ್ನು ಮರೆಯಲಿಲ್ಲ. ಅದಕ್ಕೆ ಕಾನೂನಿನ ಕಾವಲು ಇದ್ದರೂ ನಿಮ್ಮ ಕೆರೆಯಲ್ಲಿ ಅದು ಸುಖವಾಗಿದೆ ಅಂದುಕೊಳ್ಳಬೇಡಿ. ಯಾರೂ ಕೋವಿ ತೆಗೆಯುವುದಿಲ್ಲ, ಆದರೆ ಜಾಗವೇ ಹೋಗುತ್ತಿದೆ. ವರಟೆ ಮುಳುಗಿ ಮೇಯುವ ಬಾತು ಅಲ್ಲ. ತಲೆ ನೀರಿಗೆ, ಬಾಲ ಮೇಲಕ್ಕೆ ಮಾಡಿ, ಕೊಕ್ಕಿಗೆ ಸಿಕ್ಕ ಬೀಜ, ಬೇರು, ಹುಳ ತಿನ್ನುತ್ತದೆ. ಮೊಣಕಾಲಿಗಿಂತ ಕಡಿಮೆ ನೀರು ಬೇಕು. ಗೂಡಿಗೆ ದಡದ ಹುಲ್ಲು, ಆಪು (ಜೊಂಡು) ಬೇಕು. ಕೆರೆ ಅಭಿವೃದ್ಧಿ ಅಂತ ಹೂಳೆತ್ತಿ ಎಲ್ಲ ಕಡೆ ಒಂದೇ ಆಳ ಮಾಡಿ, ಏರಿಯ ಸುತ್ತ ಕಲ್ಲು ಕಟ್ಟಿ, ಹುಲ್ಲು ಕೆತ್ತಿ ನಡೆಯುವ ದಾರಿ ಹಾಕಿದರೆ ನೋಡಲು ಚೆಂದ. ವರಟೆಗೆ ಅಲ್ಲಿ ಉಣ್ಣಲು ಜಾಗವಿಲ್ಲ, ಮೊಟ್ಟೆ ಇಡಲು ಮರೆಯಿಲ್ಲ. ಉಳಿದ ಹುಲ್ಲಿನಲ್ಲಿ ಗೂಡು ಕಟ್ಟಿದರೆ ಬೀದಿನಾಯಿ ಬಿಡುವುದಿಲ್ಲ. ಇದಕ್ಕೆ ಯಾವ ಅನುಸೂಚಿಯೂ ಅಡ್ಡ ಬರುವುದಿಲ್ಲ.

ಮಗಳಿಗೆ ಇಲ್ಲಿ ಒಳ್ಳೆಯ ಕೆಲಸ ಇದೆ. ಕೆರೆಗೆ ಬ್ರೆಡ್ ಹಾಕುವವರನ್ನು ಅವಳೇ ತಡೆಯಲಿ, ಅದು ಬಾತಿಗೂ ಒಳ್ಳೆಯದಲ್ಲ, ನೀರಿಗೂ ಅಲ್ಲ. ಕೆರೆಯ ಒಂದು ಮೂಲೆಯನ್ನಾದರೂ ಹುಲ್ಲು ಕೆತ್ತದೆ, ಕಲ್ಲು ಕಟ್ಟದೆ ಬಿಡಿ ಅಂತ ಕೆರೆ ನೋಡಿಕೊಳ್ಳುವ ಸಮಿತಿಗೆ ಪತ್ರ ಬರೆಯಲಿ. ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಎಣಿಕೆ ನಡೆಯುತ್ತದೆ, 1987ರಿಂದ ನಡೆಯುತ್ತಾ ಬಂದಿದೆ. ಬೆಂಗಳೂರಿನ ಹಕ್ಕಿ ನೋಡುವವರು ಕೆರೆ ಹಂಚಿಕೊಂಡು ಎಣಿಸುತ್ತಾರೆ, ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಒಂದು ಬೈನಾಕ್ಯುಲರ್ ಮತ್ತು ಬೆಳಿಗ್ಗೆ ಆರಕ್ಕೆ ಏಳುವ ಅಭ್ಯಾಸ ಬೇಕು. ಎರಡನೆಯದೇ ಸ್ವಲ್ಪ ಕಷ್ಟ.